ಮಾಡಿನ ಮೇಲೆ ಸೂರ್ಯ, ಮನೆಯೊಳಗೆ ಕತ್ತಲೆ

ಕಳೆದ ಮಳೆಗಾಲದಲ್ಲಿ ಒಂದು ದಿನ ನಿವೃತ್ತ ಉಪಾಧ್ಯಾಯರೊಬ್ಬರು ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿ ಬಹಳ ಬೇಸರದಿಂದ ಒಂದು ಸಂಗತಿಯನ್ನು ಅರುಹಿದರು. ಅವರು ತಮ್ಮ ಮನೆಯ ಮಾಡಿನ ಮೇಲೆ ೩ ಕಿಲೋವಾಟಿನ ಸೌರಫಲಕಗಳನ್ನು ಹಾಕಿಸಿ, ಸರಕಾರದ ಸಹಾಯಧನವನ್ನೂ ಪಡೆದು, ಇನ್ನು ಮೇಲೆ ಕತ್ತಲೆಯ ಕಾಟವಿಲ್ಲವೆಂದು ನೆಮ್ಮದಿಯಿಂದಿದ್ದರು. ಆಷಾಢದ ಗಾಳಿಗೆ ತೆಂಗಿನ ಮರವೊಂದು ಲೈನಿನ ಮೇಲೆ ಬಿದ್ದು ಊರಿಗೆ ಊರೇ ಕತ್ತಲೆಯಾದಾಗ, ನೆರೆಮನೆಗಳಂತೆಯೇ ಅವರ ಮನೆಯ ದೀಪಗಳೂ ಆರಿದವು. ಮರುದಿನ ಮೋಡ ಸರಿದು ಬಿಸಿಲು ಬಿದ್ದರೂ ಫ್ಯಾನು ತಿರುಗಲಿಲ್ಲ. "ಲಕ್ಷಕ್ಕೆ ಮಿಕ್ಕಿ ಖರ್ಚು ಮಾಡಿ ಸೂರ್ಯನನ್ನು ಮಾಡಿನ ಮೇಲೆ ತಂದು ಕೂರಿಸಿದೆ, ಮನೆಯೊಳಗೆ ಮಾತ್ರ ಮೇಣದ ಬತ್ತಿಯೇ" ಎಂದು ಮಾಸ್ತರರು ನೊಂದು ನುಡಿದರು. ಅವರಿಗೆ ಯಾರೂ ಮೋಸ ಮಾಡಿರಲಿಲ್ಲ. ಆದರೆ ಯಾರೂ ವಿಷಯವನ್ನು ಬಿಡಿಸಿ ಹೇಳಿಯೂ ಇರಲಿಲ್ಲ. ಈಗ ಅವರು ಬ್ಯಾಟರಿ ಕೊಳ್ಳಲು ಹೊರಟಿದ್ದರು. ಮೂರು ಅಂಗಡಿಗಳಿಂದ ತಂದ ಮೂರು ದರಪಟ್ಟಿಗಳನ್ನು ಮೇಜಿನ ಮೇಲೆ ಹರಡಿದರು. ಅತಿ ಕಡಿಮೆಯದಕ್ಕೂ ಅತಿ ಹೆಚ್ಚಿನದಕ್ಕೂ ಆರು ಪಟ್ಟು ಅಂತರವಿತ್ತು.

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳಲ್ಲಿ ಮಾಸ್ತರರಂತಹ ಗೃಹಸ್ಥರು ಒಬ್ಬಿಬ್ಬರಲ್ಲ. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಚರ್ಚಿಸುವುದು ಯುಕ್ತವೆಂದು ನಮಗೆ ತೋರಿದೆ.

ಮೊದಲು, ಬಿಸಿಲಿದ್ದರೂ ದೀಪ ಆರಿದ್ದೇಕೆಂಬುದನ್ನು ನೋಡೋಣ. ೨೦೨೪ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರದವರು ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯನ್ನು ಆರಂಭಿಸಿದರು. ಅದರಂತೆ ೧ ಕಿಲೋವಾಟಿಗೆ ೩೦,೦೦೦ ರೂಪಾಯಿ, ೨ ಕಿಲೋವಾಟಿಗೆ ೬೦,೦೦೦ ರೂಪಾಯಿ, ೩ ಕಿಲೋವಾಟಿಗೂ ಅದಕ್ಕೆ ಮೇಲ್ಪಟ್ಟದ್ದಕ್ಕೂ ೭೮,೦೦೦ ರೂಪಾಯಿ ಸಹಾಯಧನ ದೊರೆಯುವುದು. ಈ ಹಣವು ಫಲಕಗಳ ಸಾಮರ್ಥ್ಯವನ್ನು ನೋಡಿ ಕೊಡಲ್ಪಡುವುದೇ ಹೊರತು ಬ್ಯಾಟರಿಗೆಂದು ಪ್ರತ್ಯೇಕವಾಗಿ ಏನೂ ಇಲ್ಲ. ಇಲ್ಲಿ ಫಲಕದ ವಿದ್ಯುತ್ತು ಇನ್ವರ್ಟರಿನ ಮೂಲಕ ಮೆಸ್ಕಾಂ ಲೈನಿನೊಡನೆ ಸೇರಿಕೊಳ್ಳುವುದು. ಲೈನು ಸತ್ತೊಡನೆ ಈ ಇನ್ವರ್ಟರು ತಾನೂ ನಿಲ್ಲತಕ್ಕದ್ದೆಂದು ನಿಯಮ. ಯಾಕೆಂದರೆ ಕಂಬ ಹತ್ತಿ ತಂತಿ ಜೋಡಿಸುವ ಲೈನ್‌ಮನ್ನನು ಲೈನು ಸತ್ತಿದೆಯೆಂದು ನಂಬಿ ಕೈಯಿಟ್ಟಾಗ, ಯಾರದೋ ಮಾಡಿನಿಂದ ಹರಿದುಬಂದ ವಿದ್ಯುತ್ತು ಅವನ ಪ್ರಾಣವನ್ನು ತೆಗೆಯಬಾರದಷ್ಟೆ. ನಿಯಮ ನ್ಯಾಯವಾದದ್ದು. ಆದರೆ ಫಲಕ ಹಾಕಿಸಿದ ಮಾತ್ರಕ್ಕೆ ಕತ್ತಲೆ ಹೋಗದು ಎಂಬ ಈ ಒಂದು ವಾಕ್ಯವನ್ನು ಮಾರಾಟಗಾರರು ಗಿರಾಕಿಗೆ ಮುಂಗಡವಾಗಿ ಹೇಳಬೇಕಾಗಿದ್ದಿತು.

ಹಾಗಾದರೆ ಫಲಕದಿಂದ ಆಗುವ ಲಾಭವೇನು? ಬಿಲ್ಲಿನ ಲಾಭ. ಹಗಲು ನಾವು ಹೊರಗೆ ಕೊಟ್ಟ ಯೂನಿಟ್ಟುಗಳು ರಾತ್ರಿ ಒಳಗೆ ತೆಗೆದುಕೊಂಡ ಯೂನಿಟ್ಟುಗಳಿಂದ ನೆಟ್ ಮೀಟರಿನಲ್ಲಿ ಕಳೆಯಲ್ಪಡುವುವು. ಅಂದರೆ ಮೆಸ್ಕಾಂ ಲೈನೇ ನಮ್ಮ ಬ್ಯಾಂಕು. ಹಗಲು ಜಮೆ, ರಾತ್ರಿ ಖರ್ಚು. ಈ ಬ್ಯಾಂಕಿನಲ್ಲಿ ಇಟ್ಟದ್ದು ಸವೆಯುವುದಿಲ್ಲ, ಹಳತಾಗುವುದಿಲ್ಲ, ಐದು ವರುಷಕ್ಕೊಮ್ಮೆ ಬದಲಿಸಬೇಕಾಗಿಯೂ ಇಲ್ಲ. ಹೀಗಿರುವಾಗ ಬಿಲ್ಲು ಉಳಿಸುವುದಕ್ಕೆಂದು ಬ್ಯಾಟರಿ ಕೊಳ್ಳುವುದು, ಮನೆಯೆದುರು ತುಂಬಿದ ಬಾವಿಯಿರಲು ಪೇಟೆಯಿಂದ ನೀರು ತರಿಸಿದಂತೆ. ಇನ್ನು ೨೦೨೩ರಿಂದ ಜಾರಿಯಲ್ಲಿರುವ ರಾಜ್ಯ ಸರಕಾರದ ಗೃಹಜ್ಯೋತಿಯ ಮಿತಿಯೊಳಗೆ ಇರುವ ಮನೆಗಳಿಗಂತೂ ಉಳಿಸಲು ಬಿಲ್ಲೇ ಇಲ್ಲ. ಬ್ಯಾಟರಿಯಿಂದ ತಿಂಗಳಿಗೆ ಇಂತಿಷ್ಟು ಉಳಿತಾಯವೆಂದು ಬಣ್ಣದ ಕಾಗದದಲ್ಲಿ ಅಚ್ಚುಮಾಡಿಸಿ ಹಂಚುವವರನ್ನು ನಮ್ಮ ವಾಚಕರು ಈ ಒಂದು ಪ್ರಶ್ನೆಯಿಂದಲೇ ಪರೀಕ್ಷಿಸಬಹುದು: ಸ್ವಾಮೀ, ಲೈನು ಪುಕ್ಕಟೆ ಇಟ್ಟುಕೊಳ್ಳುವ ವಿದ್ಯುತ್ತನ್ನು ನಾನು ಹಣ ಕೊಟ್ಟು ಪೆಟ್ಟಿಗೆಯಲ್ಲಿ ಏಕಿಡಬೇಕು?

ಇದಕ್ಕೊಂದು ಅಪವಾದವನ್ನು ಹೇಳಿಬಿಡಬೇಕು. ೨೦೨೩ರ ಜೂನಿನಲ್ಲಿ ಕೇಂದ್ರದವರು ಗ್ರಾಹಕರ ಹಕ್ಕುಗಳ ನಿಯಮವನ್ನು ತಿದ್ದಿ, ಹಗಲು ಬಿಸಿಲಿನ ಹೊತ್ತಿಗೆ ದರ ಕಡಿಮೆ, ಸಂಜೆಯ ನೂಕುನುಗ್ಗಲಿನ ಹೊತ್ತಿಗೆ ದರ ಹೆಚ್ಚು ಎಂಬ ಪದ್ಧತಿಗೆ ದಾರಿ ಮಾಡಿದ್ದಾರೆ. ಯಾರ ಮೀಟರಿಗೆ ಆ ಪದ್ಧತಿ ಅನ್ವಯಿಸುವುದೋ ಅವರ ಲೆಕ್ಕ ಬೇರೆಯಾಗುವುದು. ಉಳಿದವರು ಬ್ಯಾಟರಿಯನ್ನು ಕತ್ತಲೆಯ ನಿವಾರಣೆಗಾಗಿ ಮಾತ್ರ ಕೊಳ್ಳತಕ್ಕದ್ದು.

ಕತ್ತಲೆಯೂ ಎಲ್ಲ ಕಡೆ ಒಂದೇ ವಿಧವಾಗಿಲ್ಲ. ಕುಂದಾಪುರ ಪೇಟೆ, ಕೋಟೇಶ್ವರ, ಸಾಲಿಗ್ರಾಮ, ಬ್ರಹ್ಮಾವರ ಈ ಹೆದ್ದಾರಿಯ ಬದಿಯ ಊರುಗಳಲ್ಲಿ ಕರೆಂಟು ಹೋದರೆ ಸಾಮಾನ್ಯವಾಗಿ ಗಂಟೆಗಳ ಲೆಕ್ಕ. ಹೊಸಂಗಡಿ, ಅಮಾಸೆಬೈಲು, ಕೊಲ್ಲೂರು, ಜಡ್ಕಲ್ ಮುಂತಾದ ಘಟ್ಟದ ಬುಡದ ಊರುಗಳಲ್ಲಿ ದೊಡ್ಡ ಗಾಳಿಮಳೆಯ ಬಳಿಕ ಅದು ದಿನಗಳ ಲೆಕ್ಕವಾಗುವುದುಂಟು. ಕಾಡಿನ ನಡುವೆ ಮುರಿದ ಕಂಬವನ್ನು ಹುಡುಕುವುದಕ್ಕೇ ಹೊತ್ತು ಬೇಕು. ಗಂಗೊಳ್ಳಿ, ಮರವಂತೆ, ಉಪ್ಪುಂದ, ಶಿರೂರಿನ ಕಡಲಂಚಿನವರಿಗೆ ಉಪ್ಪುಗಾಳಿಯ ಉಪದ್ರವ ಬೇರೆ. ಈ ಭೇದವನ್ನು ಗಮನಿಸದೆ ಮೂವರಿಗೂ ಒಂದೇ ಪೆಟ್ಟಿಗೆಯನ್ನು ಮಾರುವುದು ವೈದ್ಯನು ನಾಡಿ ಹಿಡಿಯದೆ ಮಾತ್ರೆ ಕೊಟ್ಟಂತಾಗುವುದು.

ಗಂಟೆಗಳ ಕತ್ತಲೆಯವರಿಗೆ ಸೌರ ಬ್ಯಾಟರಿಯೇ ಬೇಕಾಗಿಲ್ಲ. ಲೈನಿನಿಂದಲೇ ತುಂಬಿಕೊಳ್ಳುವ ಸಾಮಾನ್ಯ ಮನೆ ಇನ್ವರ್ಟರು, ಒಂದು ಬ್ಯಾಟರಿ, ಇಷ್ಟು ಸಾಕು. ಹೋದ ಕರೆಂಟು ರಾತ್ರಿಯೊಳಗೆ ಮರಳುವುದಾದರೆ ಬ್ಯಾಟರಿ ತಾನಾಗಿ ತುಂಬುವುದು. ಮಾಸ್ತರರ ಮನೆ ಪೇಟೆಯದು. ಅವರು ತಂದಿದ್ದ ಅತಿ ಹೆಚ್ಚಿನ ದರಪಟ್ಟಿಯಲ್ಲಿ ಹಳೆಯ ಇನ್ವರ್ಟರನ್ನು ತೆಗೆದುಹಾಕಿ, ಲೈನು, ಫಲಕ, ಬ್ಯಾಟರಿ ಮೂರನ್ನೂ ನಡೆಸುವ ಹೈಬ್ರಿಡ್ ಇನ್ವರ್ಟರನ್ನೂ ೫ ಯೂನಿಟ್ಟಿನ ಲಿಥಿಯಂ ಬ್ಯಾಟರಿಯನ್ನೂ ಹಾಕುವುದೆಂದಿತ್ತು. ಹೈಬ್ರಿಡ್ ಒಳ್ಳೆಯ ಯಂತ್ರವೇ. ಹೊಸದಾಗಿ ಫಲಕ ಹಾಕಿಸುವವರು, ಮುಂದೆ ಬ್ಯಾಟರಿ ಬೇಕಾದೀತೆಂದು ತೋರಿದರೆ, ಮೊದಲೇ ಅದನ್ನು ಕೇಳಿ ಹಾಕಿಸಿಕೊಳ್ಳುವುದು ಜಾಣತನ. ಆದರೆ ವರುಷದ ಹಿಂದೆ ಹಾಕಿಸಿದ ಸುಸ್ಥಿತಿಯ ಇನ್ವರ್ಟರನ್ನು ಕಿತ್ತು, ಮೆಸ್ಕಾಂನವರ ಒಪ್ಪಿಗೆಗಾಗಿ ಮತ್ತೆ ಅರ್ಜಿ ಹಿಡಿದು ತಿರುಗಿ, ತಿಂಗಳಿಗೆ ನಾಲ್ಕಾರು ಗಂಟೆಯ ಕತ್ತಲೆಗಾಗಿ ಇಷ್ಟೆಲ್ಲ ಮಾಡಬೇಕೆ? ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಒಂದು ಮಾತು; ಕಾಲಿದ್ದಷ್ಟೇ ಹಾಸಿಗೆ ಕೊಳ್ಳುವುದೂ ಅಷ್ಟೇ ಮುಖ್ಯವಾದ ಮಾತು.

ಹಾಸಿಗೆಯ ಅಳತೆ ಹೇಗೆ? ಬ್ಯಾಟರಿಯ ಅಂಗಡಿಗೆ ಹೋಗುವ ಮೊದಲು ಒಂದು ಕಾಗದ, ಒಂದು ಪೆನ್ಸಿಲ್ ಹಿಡಿದು ಮನೆಯೊಳಗೆ ಒಂದು ಸುತ್ತು ಬರಬೇಕು. ಕರೆಂಟು ಹೋದಾಗ ಯಾವ ಯಾವ ವಸ್ತು ನಡೆಯಲೇಬೇಕು, ಎಷ್ಟು ಹೊತ್ತು ನಡೆಯಬೇಕು ಎಂಬುದನ್ನು ಬರೆಯಬೇಕು. ಒಂದು ಸಾಧಾರಣ ಮನೆಯನ್ನು ತೆಗೆದುಕೊಳ್ಳೋಣ: ೯ ವಾಟಿನ ನಾಲ್ಕು ಎಲ್.ಇ.ಡಿ. ದೀಪಗಳಿಗೆ ೩೬ ವಾಟು, ೭೫ ವಾಟಿನ ಹಳೆಯ ಫ್ಯಾನುಗಳೆರಡಕ್ಕೆ ೧೫೦, ಟೆಲಿವಿಷನ್ನಿಗೆ ೮೦, ಫೋನು, ಇಂಟರ್ನೆಟ್ ಪೆಟ್ಟಿಗೆಗಳಿಗೆ ೧೫. ಒಟ್ಟು ಸುಮಾರು ೨೮೦ ವಾಟು. ೫ ಗಂಟೆ ನಡೆದರೆ ೧.೪ ಯೂನಿಟ್ಟು. ಈಗ ಆ ಎರಡು ಫ್ಯಾನುಗಳನ್ನು ತೆಗೆದು, ೩೦ ವಾಟಿನ ಆಸುಪಾಸಿನಲ್ಲಿ ತಿರುಗುವ ಬಿ.ಎಲ್.ಡಿ.ಸಿ. ಫ್ಯಾನುಗಳನ್ನು ಹಾಕಿದರೆ ಒಟ್ಟು ೧೯೦ ವಾಟಿಗೆ ಇಳಿಯುವುದು; ೫ ಗಂಟೆಗೆ ೦.೯೫ ಯೂನಿಟ್ಟು. ಟೆಲಿವಿಷನ್ನಿಗೆ ಆ ಹೊತ್ತು ವಿಶ್ರಾಂತಿ ಕೊಟ್ಟರೆ (ಮನೆಮಂದಿಗೂ ಅದರಿಂದ ಕೇಡೇನೂ ಆಗದು) ಅರ್ಧ ಯೂನಿಟ್ಟಿಗೆ ಸ್ವಲ್ಪ ಮೇಲೆ. ಹೀಗೆ ಎರಡು ಬ್ಯಾಟರಿ ಬೇಕಾಗಿದ್ದ ಮನೆಗೆ ಒಂದೇ ಸಾಕಾಗುವುದು. ಫ್ಯಾನಿಗೆ ಹಾಕಿದ ಹಣ ವರುಷವಿಡೀ ಬಿಲ್ಲಿನಲ್ಲಿಯೂ ಮರಳುವುದು. ಬ್ಯಾಟರಿಗಳಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಹೊಸ ಫ್ಯಾನು ಎಂದು ನಾವು ಹೇಳಿದಾಗ ಮಾಸ್ತರರು ನಕ್ಕರು. ಆಮೇಲೆ ಲೆಕ್ಕವನ್ನು ತಾವೇ ಎರಡು ಸಲ ಮಾಡಿ ನೋಡಿದರು.

ಬಾವಿಯ ಪಂಪು, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಗೀಸರು, ಹವಾನಿಯಂತ್ರಕ ಇವುಗಳನ್ನು ಈ ಪಟ್ಟಿಯಿಂದ ಹೊರಗಿಡಬೇಕು. ಒಂದು ಅಶ್ವಶಕ್ತಿಯ ಪಂಪು ೭೪೬ ವಾಟಿನದೆಂದು ಹೆಸರಿಗೆ. ಹೊರಡುವ ಕ್ಷಣದಲ್ಲಿ ಅದು ಹಲವು ಪಟ್ಟು ಎಳೆಯುವುದು. ಅದನ್ನು ನಡೆಸಹೋದರೆ ಇನ್ವರ್ಟರಿನ ಗಾತ್ರವೂ ಬೆಲೆಯೂ ಇಮ್ಮಡಿಯಾಗುವುವು. ಕರೆಂಟು ಇರುವಾಗ ಮೇಲಿನ ಟಾಂಕಿಯನ್ನು ತುಂಬಿಸಿಡುವುದೇ ನೀರಿನ ಬ್ಯಾಟರಿ. ಈ ಪಟ್ಟಿಯನ್ನು ಮಾಡದೆ ಎಷ್ಟು ದೊಡ್ಡದು ಬೇಕೆಂದು ಅಂಗಡಿಯವನನ್ನೇ ಕೇಳುವವರನ್ನು ಕಂಡರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಗಾದೆ ನೆನಪಿಗೆ ಬರುವುದು.

ಈಗ ಬ್ಯಾಟರಿಗಳ ಜಾತಿಯ ವಿಚಾರ. ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಪ್ಲಾಂಟೆ ಎಂಬಾತನು ೧೮೫೯ರಲ್ಲಿ ಕಂಡುಹಿಡಿದನು. ನಮ್ಮ ಮನೆಗಳ ಜಗಲಿಯ ಮೂಲೆಯಲ್ಲಿ ಇಂದಿಗೂ ಇರುವುದು ಅದರ ವಂಶವೇ. ಅದರಲ್ಲಿ ಟ್ಯೂಬ್ಯುಲರ್ ಎಂಬ ದಪ್ಪ ಫಲಕದ ಜಾತಿ ದೀರ್ಘಕಾಲ ಬಾಳತಕ್ಕದ್ದು. ೧೨ ವೋಲ್ಟಿನ ೧೫೦ ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿ ಕಾಗದದ ಮೇಲೆ ೧.೮ ಯೂನಿಟ್ಟು ಉಂಟು. ಆದರೆ ಅದನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡುತ್ತ ಬಂದರೆ ಆಯುಸ್ಸು ಬೇಗ ಕುಗ್ಗುವುದರಿಂದ, ನಿಜವಾಗಿ ನಮ್ಮದಾಗುವುದು ೦.೯ ಯೂನಿಟ್ಟು. ಅದಕ್ಕೆ ಬಟ್ಟಿಯಿಳಿಸಿದ ನೀರನ್ನು ಆಗಾಗ ಎರೆಯಬೇಕು. ತುಂಬುವಾಗ ಜಲಜನಕ ಹೊರಡುವುದರಿಂದ ಗಾಳಿಯಾಡುವ ಜಾಗದಲ್ಲಿರಿಸಬೇಕು, ದೇವರ ದೀಪದ ಬಳಿಯಲ್ಲಿ ಖಂಡಿತ ಕೂಡದು. ಸೆಕೆಯೂ ಅದಕ್ಕಾಗದು, ೨೫ ಡಿಗ್ರಿಯ ಮೇಲೆ ಹತ್ತು ಡಿಗ್ರಿ ಏರಿದಂತೆಲ್ಲ ಆಯುಸ್ಸು ಅರ್ಧಕ್ಕರ್ಧ ಇಳಿಯುವುದೆಂದು ತಜ್ಞರ ಲೆಕ್ಕ. ನಮ್ಮ ಕರಾವಳಿಯ ಏಪ್ರಿಲ್, ಮೇ ತಿಂಗಳುಗಳನ್ನು ನೆನೆದರೆ ಸಾಕು. ನೀರೆರೆಯಬೇಕಾಗಿಲ್ಲದ ಜೆಲ್ ಜಾತಿಯೂ ಉಂಟು. ಶ್ರಮ ಕಡಿಮೆ, ಬೆಲೆ ಹೆಚ್ಚು, ಸೆಕೆಯ ಭಯ ಅಷ್ಟೇ.

ಲಿಥಿಯಂ ಅಯಾನ್ ಬ್ಯಾಟರಿ ೧೯೯೧ರಲ್ಲಿ ಜಪಾನಿನ ಸೋನಿ ಸಂಸ್ಥೆಯಿಂದ ಪೇಟೆಗೆ ಬಂದುದು. ಅದನ್ನು ಸಾಧ್ಯಮಾಡಿದ ಮೂವರು ವಿಜ್ಞಾನಿಗಳಿಗೆ ೨೦೧೯ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಇದರಲ್ಲಿ ಮನೆಗೆ ತಕ್ಕದ್ದು ಲಿಥಿಯಂ ಐರನ್ ಫಾಸ್ಫೇಟ್ ಎಂಬ ಒಳಜಾತಿ ಮಾತ್ರ. ನಿಕ್ಕಲ್ ಮತ್ತು ಕೋಬಾಲ್ಟ್ ಸೇರಿದ ಇನ್ನೊಂದು ಒಳಜಾತಿ ವಾಹನಗಳಲ್ಲಿ ಹಗುರವೆಂದು ಬಳಕೆಯಲ್ಲಿದೆ. ಅದು ಕೆಟ್ಟಾಗ ಬೆಂಕಿ ಹಿಡಿಯುವ ಸ್ವಭಾವ ಹೆಚ್ಚು. ಬೆಲೆಚೀಟಿಯ ಮೇಲೆ ಬರಿದೇ "ಲಿಥಿಯಂ" ಎಂದಿದ್ದರೆ ಒಪ್ಪಬಾರದು. ಯಾವ ಲಿಥಿಯಂ ಎಂದು ಬರೆಸಿಕೊಳ್ಳಬೇಕು. ಹಳೆಯ ವಾಹನಗಳಿಂದ ಕಿತ್ತ ಕೋಶಗಳನ್ನು ಹೊಸ ಪೆಟ್ಟಿಗೆಯಲ್ಲಿ ತುಂಬಿ ಮಾರುವವರಿಂದಂತೂ ದೂರವಿರಬೇಕು.

ಐರನ್ ಫಾಸ್ಫೇಟ್ ಬ್ಯಾಟರಿಯ ನೂರಕ್ಕೆ ಎಂಬತ್ತು ಪಾಲನ್ನು ನಿರ್ಭಯವಾಗಿ ಬಳಸಬಹುದು. ಸೀಸದ್ದು ಸಾವಿರ, ಸಾವಿರದೈನೂರು ಸಲ ಅರ್ಧ ಬರಿದಾಗಿ ತುಂಬುವುದರೊಳಗೆ ದಣಿದರೆ, ಇದು ಮೂರು ಸಾವಿರ ಸಲಕ್ಕೂ ಮೇಲೆ ತಾಳುವುದು. ನೂರು ಪಾಲು ತುಂಬಿದರೆ ತೊಂಬತ್ತಕ್ಕೆ ಮೇಲೆ ಮರಳಿ ಕೊಡುವುದು. ಸೀಸದ್ದು ಎಂಬತ್ತರ ಸುತ್ತಮುತ್ತ. ಆದರೆ ನಮ್ಮ ಸೀಮೆಗೆ ಇವೆಲ್ಲಕ್ಕಿಂತ ಮುಖ್ಯವಾದ ಗುಣ ಇನ್ನೊಂದುಂಟು. ಮಳೆಗಾಲದಲ್ಲಿ ಬಿಸಿಲು ಎರಡು ಗಂಟೆ ಕಂಡು ಮರೆಯಾಗುವುದು, ಲೈನು ಎರಡು ಗಂಟೆ ಬಂದು ಹೋಗುವುದು. ಸೀಸದ ಬ್ಯಾಟರಿ ತುಂಬಲು ಎಂಟು ಹತ್ತು ಗಂಟೆ ಬೇಕು; ಅರೆಹೊಟ್ಟೆಯಲ್ಲಿ ದಿನಗಟ್ಟಲೆ ಕೂತರೆ ಅದರ ಫಲಕಗಳ ಮೇಲೆ ಲವಣ ಗಟ್ಟಿಕಟ್ಟಿ ಆಯುಸ್ಸೇ ಮುಗಿಯುವುದು. ಲಿಥಿಯಂ ಎರಡು ಮೂರು ಗಂಟೆಯಲ್ಲಿ ತುಂಬಬಲ್ಲುದು, ಅರೆಹೊಟ್ಟೆಯಲ್ಲಿದ್ದರೂ ಅದಕ್ಕೆ ಬಾಧೆಯಿಲ್ಲ. ಘಟ್ಟದ ಬುಡದವರಿಗೆ ಲಿಥಿಯಂ ಹೆಚ್ಚು ಒಪ್ಪುವುದೆಂದು ನಾವು ಹೇಳುವುದು ಈ ಕಾರಣದಿಂದ, ಹೊಸದೆಂಬ ಮೋಹದಿಂದಲ್ಲ.

ನಮ್ಮ ಸ್ವಂತ ಅನುಭವವನ್ನು ಮರೆಮಾಡಲಾರೆವು. ಕಾರ್ಯಾಲಯದ ಟ್ಯೂಬ್ಯುಲರ್ ಬ್ಯಾಟರಿಯೊಂದು ಮೂರನೆಯ ಮಳೆಗಾಲದಲ್ಲಿಯೇ ಪ್ರಾಣಬಿಟ್ಟಿತು. ಮಾರಿದವರನ್ನು ಕರೆಸಿ ಬಯ್ಯಲು ಬಾಯಿ ತೆರೆದೆವು. ಅವರು ಮುಚ್ಚಳ ತೆಗೆದು ತೋರಿಸಿದರು; ಒಳಗೆ ನೀರೇ ಇರಲಿಲ್ಲ. ಜೋಡಣೆಯವರು ನೋಡುವರೆಂದು ಮುದ್ರಣದವರು, ಮುದ್ರಣದವರು ನೋಡುವರೆಂದು ಜೋಡಣೆಯವರು, ಇಬ್ಬರೂ ನೋಡುವರೆಂದು ನಾವು. ದಿನಾ ಮೂರು ತಾಲೂಕಿನ ಅಧಿಕಾರಿಗಳ ಕರ್ತವ್ಯಲೋಪವನ್ನು ಬರೆಯುವವರ ಮೇಜಿನ ಅಡಿಯಲ್ಲಿಯೇ ಈ ಕರ್ತವ್ಯಲೋಪ! ನೀರೆರೆಯುವ ಅಭ್ಯಾಸವಿಲ್ಲದ ಮನೆಗೆ, ಮಕ್ಕಳೆಲ್ಲ ಬೆಂಗಳೂರು, ಮುಂಬಯಿಗಳಲ್ಲಿದ್ದು ಮುದುಕರಿಬ್ಬರೇ ಇರುವ ಮನೆಗೆ, ಅಗ್ಗದ ಬ್ಯಾಟರಿ ಅಗ್ಗವಾಗಿ ಉಳಿಯುವುದಿಲ್ಲ.

ಬೆಲೆಯ ತುಲನೆಯನ್ನು ಚೀಟಿಯ ಮೊತ್ತದಿಂದ ಮಾಡಕೂಡದು. ಬ್ಯಾಟರಿಯ ಜೀವಮಾನದಲ್ಲಿ ದೊರೆಯುವ ಒಟ್ಟು ಯೂನಿಟ್ಟುಗಳಿಂದ ಮಾಡಬೇಕು. ಕೇವಲ ಲೆಕ್ಕಕ್ಕಾಗಿ, ಸೀಸದ್ದಕ್ಕೆ ೧೬,೦೦೦ ರೂಪಾಯಿ, ಲಿಥಿಯಂನ ೧.೨೮ ಯೂನಿಟ್ಟಿನದಕ್ಕೆ ೨೪,೦೦೦ ರೂಪಾಯಿ ಎಂದು ಹಿಡಿಯೋಣ. ವಾಚಕರು ತಮ್ಮ ಕೈಯಲ್ಲಿರುವ ದರವನ್ನು ಹಾಕಿಕೊಳ್ಳಲಿ. ದಿನಾಲೂ ಬಳಸುವ ಮನೆಯಲ್ಲಿ, ಸೀಸದ್ದು ೧,೨೦೦ ಸಲ ೦.೯ ಯೂನಿಟ್ಟಿನಂತೆ ೧,೦೮೦ ಯೂನಿಟ್ಟು ಕೊಟ್ಟು ಯೂನಿಟ್ಟಿಗೆ ಸುಮಾರು ೧೫ ರೂಪಾಯಿ ಬೀಳುವುದು. ಲಿಥಿಯಂ ೩,೦೦೦ ಸಲಕ್ಕೆ ೩,೦೦೦ಕ್ಕೂ ಸ್ವಲ್ಪ ಮೇಲೆ ಯೂನಿಟ್ಟು ಕೊಟ್ಟು ಸುಮಾರು ೮ ರೂಪಾಯಿ ಬೀಳುವುದು. ಇಲ್ಲಿ ಲಿಥಿಯಂನದೇ ಜಯ. ಆದರೆ ವರುಷಕ್ಕೆ ನಲವತ್ತು ಸಲ ಮಾತ್ರ ಕತ್ತಲೆಯಾಗುವ ಪೇಟೆಯ ಮನೆಯಲ್ಲಿ ಸೀಸದ್ದು ಬಳಕೆಯಿಂದಲ್ಲ, ವಯಸ್ಸಿನಿಂದಲೇ ಐದು ವರುಷಕ್ಕೆ ಸಾಯುವುದು. ಕೊಟ್ಟದ್ದು ೧೮೦ ಯೂನಿಟ್ಟು. ಹಳೆಯ ಸೀಸಕ್ಕೆ ಗುಜರಿಯವರು ನಾಲ್ಕು ಸಾವಿರ ಕೊಟ್ಟರೆಂದರೆ ಯೂನಿಟ್ಟಿಗೆ ೬೭ ರೂಪಾಯಿ. ಲಿಥಿಯಂ ಹತ್ತು ವರುಷ ಬಾಳಿದರೆ ೫೯ ರೂಪಾಯಿ; ಆರನೆಯ ವರುಷಕ್ಕೆ ಕೆಟ್ಟುಹೋದರೆ ೯೮ ರೂಪಾಯಿ. ಲೈನಿನ ಯೂನಿಟ್ಟಿಗೆ ಸುಮಾರು ೬ ರೂಪಾಯಿ ಇರುವಾಗ ಇವೆಲ್ಲ ಕತ್ತಲೆಗೆ ತೆರುವ ಸುಂಕವಲ್ಲದೆ ಉಳಿತಾಯವಲ್ಲ. ಪೇಟೆಯವರಿಗೆ ಎರಡು ಜಾತಿಗಳ ನಡುವೆ ಬೆಲೆಯಲ್ಲಿ ದೊಡ್ಡ ಅಂತರವಿಲ್ಲ. ಲಿಥಿಯಂ ಹತ್ತು ವರುಷ ಬಾಳುವುದೇ ಎಂಬುದೊಂದರ ಮೇಲೆ ಎಲ್ಲವೂ ನಿಂತಿದೆ.

ಅದು ಬಾಳುವುದು ಕೋಶಗಳಿಂದಷ್ಟೇ ಅಲ್ಲ. ಒಳಗೆ ಕೋಶಗಳನ್ನು ಕಾಯುವ ಬಿ.ಎಂ.ಎಸ್. ಎಂಬ ಸಣ್ಣ ಸರ್ಕೀಟು ಉಂಟು. ಅದು ಸತ್ತರೆ ಒಳ್ಳೆಯ ಕೋಶಗಳಿದ್ದೂ ಪೆಟ್ಟಿಗೆ ನಿರುಪಯೋಗಿ. ಸೀಸದ ಬ್ಯಾಟರಿಯನ್ನು ನೋಡಬಲ್ಲವರು ಬೈಂದೂರಿನಲ್ಲಿಯೂ ಇದ್ದಾರೆ, ಸಿದ್ದಾಪುರದಲ್ಲಿಯೂ ಇದ್ದಾರೆ. ಲಿಥಿಯಂ ಪೆಟ್ಟಿಗೆಯನ್ನು ತೆರೆದು ನೋಡಬಲ್ಲವರು ಎಲ್ಲಿದ್ದಾರೆಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ಹತ್ತು ವರುಷದ ಗ್ಯಾರಂಟಿ ಕೊಡುವ ಅಂಗಡಿಗೆ ತನ್ನದೇ ವಯಸ್ಸು ಎರಡು ವರುಷವಾಗಿರುವುದನ್ನು ನಾವು ಕಂಡಿದ್ದೇವೆ. ಗ್ಯಾರಂಟಿಯ ಕಾಗದದಲ್ಲಿ ಪೂರ್ತಿ ಬದಲಾವಣೆ ಎಷ್ಟು ವರುಷ, ಪ್ರಮಾಣಾನುಸಾರ ಕಡಿತ ಎಷ್ಟು ವರುಷ, ಸಿಡಿಲಿನಿಂದ ಕೆಟ್ಟರೆ ಯಾರ ತಲೆಗೆ, ಜುಲೈ ತಿಂಗಳಲ್ಲಿ ಕರೆದರೆ ಎಷ್ಟು ದಿನದೊಳಗೆ ಯಾರು ಬರುವರು, ಪೆಟ್ಟಿಗೆಯನ್ನು ಮಂಗಳೂರಿಗೋ ಬೆಂಗಳೂರಿಗೋ ಸಾಗಿಸುವ ಖರ್ಚು ಯಾರದು ಎಂಬಿವುಗಳನ್ನು ಮಸಿಯಲ್ಲಿ ಬರೆಸಿಕೊಳ್ಳಬೇಕು. ಸೌರ ಬಳಕೆಯ ಬ್ಯಾಟರಿಗಳಿಗೆ ಭಾರತೀಯ ಮಾನಕ ಸಂಸ್ಥೆಯ ಐ.ಎಸ್. ೧೬೨೭೦ ಎಂಬ ಮಾನಕವುಂಟು; ಅದರ ಗುರುತು ಇದೆಯೇ ಎಂದು ಕೇಳುವುದರಿಂದ ಯಾರ ಗೌರವಕ್ಕೂ ಕುಂದಿಲ್ಲ. ೨೦೨೫ರ ಸಪ್ಟೆಂಬರ್ ೨೨ರಿಂದ ಸೀಸದ ಬ್ಯಾಟರಿಯ ಮೇಲಿನ ಜಿ.ಎಸ್.ಟಿ. ನೂರಕ್ಕೆ ೨೮ರಿಂದ ೧೮ಕ್ಕೆ ಇಳಿದು ಲಿಥಿಯಂಗೆ ಸಮನಾಯಿತು, ಸೌರ ಸಾಧನಗಳ ಮೇಲಿನದು ೧೨ರಿಂದ ೫ಕ್ಕೆ ಇಳಿಯಿತು. ಹಳೆಯ ದರಪಟ್ಟಿ ತೋರಿಸುವವರಿಗೆ ಇದನ್ನೂ ನೆನಪಿಸಬಹುದು.

ಉಪ್ಪುಗಾಳಿಗೆ ತಾಮ್ರವೂ ಕಬ್ಬಿಣವೂ ಎಷ್ಟು ಬೇಗ ಹಸುರಾಗಿ ಕೆಂಪಾಗುವುವೆಂಬುದನ್ನು ಮರವಂತೆಯವರಿಗೆ ನಾವು ಹೇಳಬೇಕಾಗಿಲ್ಲ. ಕಡಲಂಚಿನವರು ಉಪ್ಪುಮಂಜಿನ ಪರೀಕ್ಷೆಯಲ್ಲಿ (ಐ.ಇ.ಸಿ. ೬೧೭೦೧) ತೇರ್ಗಡೆಯಾದ ಫಲಕಗಳನ್ನೇ ಕೇಳಬೇಕು, ಬ್ಯಾಟರಿಯನ್ನೂ ಇನ್ವರ್ಟರನ್ನೂ ಒಳಕೋಣೆಯಲ್ಲಿಡಬೇಕು. ಮುಂಗಾರಿನ ಮುಂಚೆಯೂ ಹಿಂಗಾರಿನಲ್ಲಿಯೂ ಬರುವ ಸಿಡಿಲಿಗೆ ಲಿಥಿಯಂ ಪೆಟ್ಟಿಗೆ ಸೀಸಕ್ಕಿಂತ ಹೆಚ್ಚು ಹೆದರತಕ್ಕದ್ದು. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗಿನ ಗುಣ ಕೆಡುವುದರಿಂದ ಏಪ್ರಿಲಿಗೆ ಮೊದಲು ಅದನ್ನು ಪರೀಕ್ಷಿಸಿ ನೀರೆರೆಸುವುದು ಲೇಸು.

ಘಟ್ಟದ ಬುಡದ ಕೆಲವರು ಲೈನನ್ನೇ ಕಡಿಸಿ ಸಂಪೂರ್ಣ ಸ್ವತಂತ್ರರಾಗುವ ಆಸೆಯನ್ನು ತೋಡಿಕೊಳ್ಳುವರು. ಸ್ವಾತಂತ್ರ್ಯದ ಆಸೆಯನ್ನು ನಾವು ಹಳಿಯಲಾರೆವು. ಆದರೆ ಲೆಕ್ಕ ಒಪ್ಪುವುದಿಲ್ಲ. ಒಂದು ಕಿಲೋವಾಟಿನ ಫಲಕ ಬೇಸಿಗೆಯಲ್ಲಿ ದಿನಕ್ಕೆ ೪ ಯೂನಿಟ್ಟು ಕೊಡುವುದಾದರೆ ಆಷಾಢದ ಜಡಿಮಳೆಯಲ್ಲಿ ಒಂದೋ ಒಂದೂವರೆಯೋ. ದಿನಕ್ಕೆ ೩ ಯೂನಿಟ್ಟಿನ ಮನೆ ಮೂರು ದಿನದ ಮೋಡವನ್ನು ದಾಟಲು ೯ ಯೂನಿಟ್ಟಿನ ಸಂಗ್ರಹ ಬೇಕು. ಮೇಲಿನ ಬೆಲೆಯಲ್ಲಿ ಅದು ಎರಡು ಲಕ್ಷವನ್ನು ದಾಟುವುದು. ವರುಷದ ಎಂಟು ತಿಂಗಳು ಅದರ ಬಹುಪಾಲು ಸುಮ್ಮನೆ ಕೂತಿರುವುದು.

ಈ ವಿಷಯದಲ್ಲಿ ನಮ್ಮ ನೆಲದಲ್ಲಿಯೇ ಒಂದು ಪಾಠ ಉಂಟು. ೧೯೯೫ರಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿ, ೨೦೧೧ರಲ್ಲಿ ಮ್ಯಾಗ್ಸೇಸೇ ಪ್ರಶಸ್ತಿಗೆ ಪಾತ್ರರಾದ ಹರೀಶ ಹಂದೆಯವರು ಈ ಕರಾವಳಿಯ ಮೂಲದವರು. ಅವರ ಕ್ರಮವು ಮೊದಲು ಮನೆಗೆ ಹೋಗಿ ಯಾವ ಕೆಲಸಕ್ಕೆ ಎಲ್ಲಿ ಬೆಳಕು ಬೇಕೆಂದು ಕೇಳುವುದು, ಅನಂತರ ಅದಕ್ಕೆ ತಕ್ಕಷ್ಟೇ ಫಲಕವನ್ನೂ ಬ್ಯಾಟರಿಯನ್ನೂ ಜೋಡಿಸುವುದು, ಬ್ಯಾಂಕಿನ ಸಾಲ ದೊರಕಿಸುವುದು, ಕೆಟ್ಟರೆ ಮನೆಬಾಗಿಲಿಗೆ ಬಂದು ರಿಪೇರಿ ಮಾಡುವುದು. ಕಳೆದ ದಶಕದಲ್ಲಿ ಎ. ಜಿ. ಕೊಡ್ಗಿಯವರ ಮುಂದಾಳುತನದಲ್ಲಿ ಅಮಾಸೆಬೈಲಿನ ಮನೆಮನೆಗೆ ಸೌರದೀಪ ಬಂದು ಅದು ಸೌರಗ್ರಾಮವೆಂದು ಹೆಸರಾಯಿತು. ಅಲ್ಲಿ ಮನೆಯ ಹವಾನಿಯಂತ್ರಕವನ್ನು ನಡೆಸುವ ಮಾತಿರಲಿಲ್ಲ. ಅಡಿಗೆಮನೆಗೆ, ಓದುವ ಮಗುವಿಗೆ, ಅಂಗಳಕ್ಕೆ ಬೆಳಕು ಬೇಕಾಗಿತ್ತು. ಸಣ್ಣ ಅಗತ್ಯಕ್ಕೆ ಸಣ್ಣ ಬ್ಯಾಟರಿ. ಇಂತಹ ಯೋಜನೆಗಳ ನಿಜವಾದ ಪರೀಕ್ಷೆ ಉದ್ಘಾಟನೆಯ ದಿನದಂದಲ್ಲ, ಬ್ಯಾಟರಿಯನ್ನು ಬದಲಿಸಬೇಕಾದ ವರುಷದಂದು. ಪಂಚಾಯತಿನವರೂ ಸಹಕಾರಿ ಸಂಘದವರೂ ಆ ಹಣವನ್ನು ಮೊದಲ ವರುಷದಿಂದಲೇ 'ಬ್ಯಾಟರಿ ನಿಧಿ' ಎಂದು ತೆಗೆದಿರಿಸುವ ಏರ್ಪಾಡು ಮಾಡಬೇಕೆಂದು ಸೂಚಿಸುವೆವು.

ಸ್ವದೇಶಿಯ ಮಾತನ್ನು ಕೆಲವರು ಕೇಳುವರು. ಸೀಸದ ಬ್ಯಾಟರಿ ನಮ್ಮ ದೇಶದಲ್ಲಿಯೇ ತಯಾರಾಗುವುದು, ಹಳೆಯದನ್ನು ಕರಗಿಸಿ ಹೊಸದನ್ನು ಮಾಡುವ ಉದ್ಯಮವೂ ಉಂಟು. ಲಿಥಿಯಂ ಪೆಟ್ಟಿಗೆಯ ಮೇಲೆ ನಮ್ಮ ದೇಶದ ಹೆಸರಿದ್ದರೂ ಒಳಗಿನ ಕೋಶಗಳು ಬಹುಮಟ್ಟಿಗೆ ಚೀನದವು. ೨೦೨೧ರಲ್ಲಿ ಕೇಂದ್ರ ಸರಕಾರವು ಕೋಶಗಳನ್ನು ಇಲ್ಲಿಯೇ ಮಾಡಿಸಲು ೧೮,೧೦೦ ಕೋಟಿ ರೂಪಾಯಿಯ ಪ್ರೋತ್ಸಾಹವನ್ನು ಸಾರಿತು. ಮಂಡ್ಯದ ಮರಳಗಾಲದಲ್ಲಿ ೧,೬೦೦ ಟನ್ನಿನಷ್ಟು ಲಿಥಿಯಂ ನಿಕ್ಷೇಪದ ಅಂದಾಜು ದೊರೆತಿದೆ. ಅವು ಫಲಿಸುವ ತನಕ ಗೃಹಸ್ಥನು ಕತ್ತಲೆಯಲ್ಲಿ ಕೂರಬೇಕೆಂದು ನಾವು ಹೇಳಲಾರೆವು. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೆಯ ಬ್ಯಾಟರಿಯನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದು. ಸೀಸವನ್ನು ಗುಜರಿಯವರು ಹುಡುಕಿಕೊಂಡು ಬರುವರು, ಲಿಥಿಯಂ ಅನ್ನು ಯಾರೂ ಕೇಳರು. ಅದು ಪಂಚಗಂಗಾವಳಿಯ ದಡದಲ್ಲಿ ಬೀಳದಂತೆ ನೋಡುವುದು ಪುರಸಭೆಯ ಕೆಲಸ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುವುದು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ನೂರಾರು ಹಳ್ಳಿಗಳ ತಲೆಯ ಮೇಲಿಂದ ಹಾದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಹೊಸಂಗಡಿಯಲ್ಲಿ ಭೂಗರ್ಭದಲ್ಲಿರುವ ವಾರಾಹಿ ವಿದ್ಯುದಾಗಾರದ ಸಾಮರ್ಥ್ಯ ೪೬೦ ಮೆಗಾವಾಟು. ಸುತ್ತಲಿನ ಊರುಗಳು ಮಳೆಗಾಲದಲ್ಲಿ ದೀಪದ ಬುಡದ ಕತ್ತಲೆಯನ್ನು ಅನುಭವಿಸುತ್ತಿವೆ. ಉಳ್ಳವರು ಲಕ್ಷ ಕೊಟ್ಟು ಬ್ಯಾಟರಿ ಕೊಂಡು ಸುಮ್ಮನಾದರೆ, ಲೈನಿನ ಬಗೆಗೆ ದನಿಯೆತ್ತುವವರಾರು? ಬ್ಯಾಟರಿ ಕೊಂಡವರೂ ಕರೆಂಟು ಹೋದಾಗ ೧೯೧೨ಕ್ಕೆ ಕರೆಮಾಡಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ದುರಸ್ತಿಗೆ ಅವಧಿಯನ್ನೂ, ತಪ್ಪಿದರೆ ಪರಿಹಾರವನ್ನೂ ಗೊತ್ತುಮಾಡಿದೆ. ದೂರೇ ಇಲ್ಲದಿದ್ದರೆ ಕತ್ತಲೆಯೇ ಆಗಲಿಲ್ಲವೆಂದು ದಾಖಲೆಯಾಗುವುದು.

ಮೆಸ್ಕಾಂನ ಅಧಿಕಾರಿಗಳಲ್ಲಿ ನಮ್ಮ ಬಿನ್ನಹ ಮೂರೇ. ಲೈನಿಗೆ ತಾಗುವ ಕೊಂಬೆಗಳನ್ನು ಮೇ ತಿಂಗಳು ಮುಗಿಯುವುದರೊಳಗೆ ಸವರಿಸಿರಿ, ಜೂನಿನಲ್ಲಲ್ಲ. ಘಟ್ಟದ ಬುಡದ ಕಾಡಿನ ಲೈನುಗಳಲ್ಲಿ ಬರಿಯ ತಂತಿಯ ಬದಲು ಹೊದಿಕೆಯ ತಂತಿಯನ್ನು ಮೊದಲು ಎಳೆಯಿರಿ. ಮಾಡಿನ ಸೌರಫಲಕದ ಅರ್ಜಿಯ ಮೊದಲ ಪುಟದಲ್ಲಿಯೇ, ಅರ್ಜಿದಾರನು ಸಹಿಮಾಡುವ ಜಾಗದ ಮೇಲೆ, ಬ್ಯಾಟರಿಯಿಲ್ಲದ ಈ ಸಾಧನವು ಕರೆಂಟು ಹೋದಾಗ ನಡೆಯುವುದಿಲ್ಲವೆಂಬ ವಾಕ್ಯವನ್ನು ದಪ್ಪಕ್ಷರದ ಕನ್ನಡದಲ್ಲಿ ಅಚ್ಚುಹಾಕಿಸಿರಿ. ಮಾಸ್ತರರು ಕೊನೆಗೆ ಎರಡು ಫ್ಯಾನುಗಳನ್ನೂ ಒಂದು ಸಣ್ಣ ಇನ್ವರ್ಟರನ್ನೂ ಕೊಂಡರು. ಆ ವಾಕ್ಯವನ್ನು ಮೊದಲೇ ಓದಿದ್ದರೆ ಮೂರು ಅಂಗಡಿ ತಿರುಗುವ ಪ್ರಸಂಗ ಅವರಿಗೆ ಬರುತ್ತಿರಲಿಲ್ಲ.